ರಾಟೆ ಇಳಿಸಿದ ಬಾವಿ

ಬಾವಿಯ ಕಟ್ಟೆಯ ಮೇಲೆ ಕೆಂಪು ಬಣ್ಣದ ಒಂದು ಗೀಟು ಇತ್ತು. ಅದನ್ನು ಎಳೆದವನು ನಾನು. ಪ್ರತಿ ತಿಂಗಳೂ ಅಳತೆಯ ಟೇಪನ್ನು ಆ ಗೀಟಿನಿಂದಲೇ ಇಳಿಸಬೇಕಿತ್ತು. ಬೇರೆ ಕಡೆಯಿಂದ ಇಳಿಸಿದರೆ ಒಂದು ತಿಂಗಳ ಅಂಕಿಯನ್ನು ಇನ್ನೊಂದರ ಪಕ್ಕ ಇಡಲು ಬರುವುದಿಲ್ಲ ಎಂದು ಕಚೇರಿಯಲ್ಲಿ ಹೇಳಿಕೊಟ್ಟಿದ್ದರು. ಆ ಊರಿನಲ್ಲಿ ನಾನು ತಪ್ಪಿಲ್ಲದೆ ಮಾಡಿದ ಕೆಲಸವೆಂದರೆ ಆ ಗೀಟು ಒಂದೇ.

ಐವತ್ತರ ದಶಕ ಮುಗಿಯುತ್ತಿತ್ತು. ನಾನು ಮತ್ತಿಕೆರೆಯಲ್ಲಿ ಒಂದು ಕೋಣೆ ಹಿಡಿದುಕೊಂಡು ಕೆಲಸ ಹುಡುಕುತ್ತಿದ್ದೆ. ಯಲಹಂಕದ ಸುತ್ತಮುತ್ತಲ ಹಳ್ಳಿಗಳಿಗೆ ಕರೆಂಟು ಬರತೊಡಗಿತ್ತು, ಅದರ ಹಿಂದೆಯೇ ಪಂಪ್‌ಸೆಟ್ಟು. ಅಲ್ಲಿಯವರೆಗೆ ತೋಟಗಳಿಗೆ ನೀರೆತ್ತುತ್ತಿದ್ದದ್ದು ಕಪಿಲೆ. ಎತ್ತುಗಳು ಇಳಿಜಾರಿನಲ್ಲಿ ಮುಂದೆ ನಡೆದರೆ ಚರ್ಮದ ಚೀಲ ಮೇಲೆ ಬರುತ್ತಿತ್ತು. ಎತ್ತು ದಣಿದಾಗ ಬಾವಿಗೂ ಬಿಡುವು ಸಿಗುತ್ತಿತ್ತು. ಪಂಪು ದಣಿಯುವುದಿಲ್ಲ. ಇದು ಜಿಲ್ಲೆಯ ಅಧಿಕಾರಿಗಳಿಗೂ ಗೊತ್ತಿತ್ತು. ಹೋಬಳಿಗೆ ಇಷ್ಟು ಎಂದು ಬಾವಿಗಳನ್ನು ಆರಿಸಿ ತಿಂಗಳಿಗೊಮ್ಮೆ ನೀರಿನ ಮಟ್ಟ ಬರೆದಿಡಬೇಕು, ಕುಡಿಯುವ ನೀರಿನ ಬಾವಿ ಇಳಿಯುತ್ತಿದೆ ಎಂದು ದಾಖಲೆ ತೋರಿಸಿದರೆ ಅದರ ಹತ್ತಿರ ಹೊಸ ಪಂಪಿಗೆ ಅನುಮತಿ ಕೊಡಬಾರದು ಎಂದು ಒಂದು ನಿಯಮ ಮಾಡಿದರು. ಆ ನಿಯಮದಲ್ಲಿ ನಾನು ಇಂದಿಗೂ ತಪ್ಪು ಕಾಣಲಾರೆ. ಅಳೆಯುವುದಕ್ಕೆ ತಾತ್ಕಾಲಿಕವಾಗಿ ತೆಗೆದುಕೊಂಡವರಲ್ಲಿ ನಾನೊಬ್ಬ.

ಕೆಲಸ ಸರಳ. ಮಾಕಳಿಯಿಂದ ಹೆಬ್ಬಾಳದವರೆಗೆ, ಅಲ್ಲಿಂದ ಯಲಹಂಕದವರೆಗೆ ಸೈಕಲ್ಲು ತುಳಿಯಬೇಕು. ಚೀಲದಲ್ಲಿ ಉಕ್ಕಿನ ಟೇಪು, ಸೀಮೆಸುಣ್ಣ, ರಿಜಿಸ್ಟರು. ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಬಾವಿಗೆ ಇಳಿಸಿದರೆ ನೀರು ಮುಟ್ಟಿದಷ್ಟು ಭಾಗ ಬಣ್ಣ ಬದಲಿಸುತ್ತದೆ. ಇಳಿಸಿದ ಒಟ್ಟು ಉದ್ದದಿಂದ ಅದನ್ನು ಕಳೆದರೆ ನೀರು ಎಷ್ಟು ಆಳದಲ್ಲಿದೆ ಎಂಬುದು ಸಿಗುತ್ತದೆ. ಕಂಡದ್ದನ್ನು ಬರೆಯಬೇಕು, ಊಹಿಸಿದ್ದನ್ನು ಬರೆಯಬಾರದು. ಮುಂದೆ ಪತ್ರಿಕೆಯ ಮೇಜಿನಲ್ಲಿ ಕೂತು ಇದೇ ಮಾತನ್ನು ಕಿರಿಯ ವರದಿಗಾರರಿಗೆ ವರ್ಷಗಟ್ಟಲೆ ಹೇಳಿದ್ದೇನೆ. ಹೇಳುವಾಗೆಲ್ಲ ಈ ಬಾವಿ ನೆನಪಾಗಿದೆ.

ಬಾವಿ ಇದ್ದದ್ದು ಕೊಡಿಗೇಹಳ್ಳಿ ದಾಟಿ ಯಲಹಂಕದ ಕಡೆ ಹೋಗುವಾಗ ಸಿಗುತ್ತಿದ್ದ ಒಂದು ಸಣ್ಣ ಊರಿನಲ್ಲಿ. ಈಗಿನ ಸಹಕಾರನಗರದಿಂದ ಬಹಳ ದೂರವಲ್ಲ, ಆಗ ಅಲ್ಲೆಲ್ಲ ರಾಗಿ ಹೊಲ. ಆ ಊರಿನಲ್ಲಿ ನನ್ನ ದೊಡ್ಡಮ್ಮ, ಅಂದರೆ ತಾಯಿಯ ಅಕ್ಕ, ಎರಡು ಎಮ್ಮೆ ಕಟ್ಟಿಕೊಂಡು ಯಲಹಂಕಕ್ಕೆ ಹಾಲು ಕಳಿಸಿ ಬದುಕುತ್ತಿದ್ದಳು. ಅವಳ ಮನೆ ಬಾವಿಯ ಎದುರಿಗೇ. ಊರಿಗೆಲ್ಲ ಕುಡಿಯಲು ಅದೊಂದೇ ಬಾವಿ. ಅದು ಬಿಟ್ಟರೆ ಕೆರೆಯಂಗಳದಲ್ಲಿ ಮರಳು ತೋಡಿ ಮಾಡಿದ ಚಿಲುಮೆ. ಅಲ್ಲಿಂದ ಬಿಂದಿಗೆ ಹೊತ್ತು ಬರಲು ಒಂದು ಮೈಲಿ ಏರುದಾರಿ. ದೊಡ್ಡಮ್ಮನ ಮಂಡಿ ಆ ಹೊತ್ತಿಗೇ ಕೈಕೊಟ್ಟಿತ್ತು. ಬಾವಿಯಲ್ಲಿ ನೀರಿದ್ದರೆ ಎಮ್ಮೆ ಇರುತ್ತಿದ್ದವು, ಎಮ್ಮೆ ಇದ್ದರೆ ಅವಳು ಯಾರ ಕೈಯನ್ನೂ ಕಾಯಬೇಕಾಗಿರಲಿಲ್ಲ.

ಸರ್ಕಾರ ಟೇಪು ಕಳಿಸುವ ಮೊದಲೇ ಊರಿಗೆ ತನ್ನದೇ ಲೆಕ್ಕಾಚಾರ ಇತ್ತು. ಕೆರೆಯ ನೀರು ಒಳಗಿನ ಒಂದು ಗುರುತಿನ ಕಲ್ಲಿಗಿಂತ ಕೆಳಗಿಳಿದರೆ ನೀರುಗಂಟಿ ತೂಬು ಮುಚ್ಚಿಬಿಡುತ್ತಿದ್ದ. ಗದ್ದೆಗೆ ನೀರು ಬಿಡುವ, ನಿಲ್ಲಿಸುವ ಅಧಿಕಾರವೆಲ್ಲ ಆ ಮುದುಕನದೇ. ಯಾರು ಬಂದು ಬೇಡಿದರೂ ಆಮೇಲೆ ತೂಬು ತೆರೆಯುತ್ತಿರಲಿಲ್ಲ. ಕೆರೆಯಲ್ಲಿ ನೀರು ನಿಂತರೆ ಬಾವಿಯಲ್ಲಿ ನಿಲ್ಲುತ್ತದೆ ಎಂಬುದು ಅವನ ಮಾತು. ಬಾವಿಯ ಉಸ್ತುವಾರಿ ದೊಡ್ಡಮ್ಮನದು. ಬೇಸಿಗೆಯಲ್ಲಿ ಬೆಳಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಮಾತ್ರ ಅವಳು ರಾಟೆ ಏರಿಸುತ್ತಿದ್ದಳು. ಉಳಿದ ಹೊತ್ತು ರಾಟೆ ಅವಳ ಮನೆಯ ಮೊಳೆಯಲ್ಲಿ. ಬಾವಿಯಲ್ಲಿ ನೀರು ಊರಲು ಸಮಯ ಬೇಕು ಎಂಬುದನ್ನು ಅವಳಿಗೆ ಯಾವ ಕಚೇರಿಯೂ ಕಲಿಸಬೇಕಾಗಿರಲಿಲ್ಲ.

ತಿಂಗಳ ಮೊದಲ ಸೋಮವಾರ ಆ ಬಾವಿಯ ಅಳತೆ. ನಾನು ಹೋಗುವ ಹೊತ್ತಿಗೆ ಕಟ್ಟೆ ಗುಡಿಸಿರುತ್ತಿತ್ತು, ಯಾರೂ ನೀರು ಸೇದುತ್ತಿರಲಿಲ್ಲ.

"ಬಂದ್ರಪ್ಪಾ ಟೇಪಿನೋರು," ಎಂದು ನೀರುಗಂಟಿ ಕಟ್ಟೆಯಿಂದ ಜರುಗಿ ಕೂರುತ್ತಿದ್ದ. "ಎಂಗೈತೆ ಸ್ವಾಮಿ ಬಾವಿ ನಾಡಿ?"

"ಚೆನ್ನಾಗಿದೆ," ಎನ್ನುತ್ತಿದ್ದೆ ನಾನು. ನಿಜವಾಗಿಯೂ ಚೆನ್ನಾಗಿರುತ್ತಿತ್ತು. ದೊಡ್ಡಮ್ಮ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡು ಒಳಗೆ ಹೋಗಿ ಮಜ್ಜಿಗೆ ತರುತ್ತಿದ್ದಳು. ಯಾತಕ್ಕೆ ಅಳೆಯುತ್ತೇನೆ ಎಂದು ನಾನು ಯಾರಿಗೂ ಬಿಡಿಸಿ ಹೇಳಲಿಲ್ಲ. ಹೇಳಬೇಕೆಂದು ಆದೇಶದಲ್ಲಿ ಇರಲಿಲ್ಲ.

ಒಂದು ಬೇಸಿಗೆಯಲ್ಲಿ, ಮಾಕಳಿ ಕಡೆಯ ಕೆಲಸ ನಿಂತದ್ದರಿಂದ, ಎರಡು ದಿನ ಮೊದಲೇ ಆ ಊರಿಗೆ ಹೋದೆ. ಬೆಳಗಿನ ಸರದಿ ಇನ್ನೂ ನಡೆದಿತ್ತು. ಹೆಂಗಸರು ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಿ ಸೇದುತ್ತಿದ್ದರು. ಅವರು ಜಾಗ ಬಿಟ್ಟ ಮೇಲೆ ಟೇಪು ಇಳಿಸಿದೆ. ನೀರು ನನ್ನ ರಿಜಿಸ್ಟರಿನಲ್ಲಿ ಇದ್ದದ್ದಕ್ಕಿಂತ ಒಂದಾಳುದ್ದ ಕೆಳಗಿತ್ತು. ತಪ್ಪಿರಬೇಕೆಂದು ಮತ್ತೆ ಇಳಿಸಿದೆ. ಅಷ್ಟೇ ಬಂತು.

ದೊಡ್ಡಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಇವತ್ ಯಾಕ್ ಬಂದೆ? ಇವತ್ತಿಂದು ಬರ್ಕೋಬ್ಯಾಡ ಕಣಪ್ಪಾ. ಇನ್ನೂ ರಾಟೆ ಇಳ್ಸಿಲ್ಲ."

"ಯಾಕೆ ಇಳಿಸಬೇಕು?"

"ನೀನ್ ಬರೋ ಮುಂಚಿನ್ ದಿನ ಬೆಳಗ್ಗೇನೇ ಇಳಿಸ್ತೀನಿ. ಅವತ್ತು ಎಲ್ಲಾರೂ ಚಿಲುಮೆಗೆ ಓಯ್ತಾರೆ. ಮೊದಲ್ನೇ ತಿಂಗ್ಳಿಂದ್ಲೂ ಅಂಗೇ ಅಲ್ವಾ."

"ನಿಮ್ಗೆ ಗೊತ್ತಿಲ್ವಾ?" ಎಂದು ಕಟ್ಟೆಯ ಮೇಲಿದ್ದ ನೀರುಗಂಟಿ ನಕ್ಕ. "ನಿಮ್ ಟೇಪಿನ್ ದೆಸೆಯಿಂದ ನಮ್ ಸೊಸೆ ಚಿಲುಮೆ ನೀರ್ ಒತ್ಕಂಡ್ ಬಂದು ತಿಂಗ್ಳಿಗೊಂದ್ ಸಲ ನಂಗೆ ಬಯ್ತಾಳೆ."

ದೊಡ್ಡಮ್ಮ ನಗಲಿಲ್ಲ. "ಬಂದೋರಿಗೆ ಖಾಲಿ ಬಾವಿ ತೋರ್ಸೋಕ್ಕಾಯ್ತದಾ? ಅದ್ರಲ್ಲೂ ಬರೋನು ನನ್ ತಂಗಿ ಮಗ. ನಿನ್ ಬುಕ್ಕಲ್ಲಿ ನಮ್ಮೂರು ಎಲ್ಲಾರ್ಗಿಂತ ಕೆಳಗಿದ್ರೆ ನಿಂಗೇ ನಾಚ್ಕೆ."

ಆಗಲೇ ನಾನು ಕೂತು ಎಲ್ಲವನ್ನೂ ಹೇಳಬೇಕಿತ್ತು. ಹೇಳಲಿಲ್ಲ. ಆ ದಿನದ ಅಂಕಿಯನ್ನು ಜೇಬಿನ ಪುಸ್ತಕದಲ್ಲಿ ಬರೆದುಕೊಂಡೆ. ಸೋಮವಾರ ಮತ್ತೆ ಹೋಗಿ, ರಾಟೆ ಇಳಿಸಿದ ಬಾವಿಯನ್ನು ಅಳೆದು, ಆ ಅಂಕಿಯನ್ನು ರಿಜಿಸ್ಟರಿನಲ್ಲಿ ಬರೆದೆ. ಕಚೇರಿಯಲ್ಲಿ ಮೇಲಿನ ಅಧಿಕಾರಿಯನ್ನು ಮಾತ್ರ ಕೇಳಿದೆ: ಒಂದು ಊರಿನವರು ಅಳತೆಗೆ ಮುಂಚೆ ನೀರು ಸೇದುವುದನ್ನು ನಿಲ್ಲಿಸುತ್ತಾರೆ, ಇದು ಸರಿಯೇ?

"ನಿಂತ ನೀರನ್ನೇ ಅಳೀಬೇಕು ಕಣ್ರೀ. ಪುಸ್ತಕದಲ್ಲಿ ಅದೇ ಇರೋದು," ಎಂದರು. "ಒಳ್ಳೇ ಜನ. ನಿಮಗೆ ಕೆಲಸ ಸುಲಭ ಮಾಡ್ಕೊಟ್ಟಿದ್ದಾರೆ."

ಪುಸ್ತಕದಲ್ಲಿ ಹಾಗೆಯೇ ಇತ್ತು. ಎಷ್ಟು ಹೊತ್ತು ನಿಂತ ನೀರು ಎಂದು ಇರಲಿಲ್ಲ. ನಾನು ಮುಂದೆ ಕೇಳಲಿಲ್ಲ.

ಮರುವರ್ಷ ಊರಿನ ಮೇಲುಗಡೆಯ ದಿಣ್ಣೆಯನ್ನು ಪಟ್ಟಣದ ಒಬ್ಬರು ಕೊಂಡು ದ್ರಾಕ್ಷಿ ಹಾಕಲು ಹೊರಟರು. ದೊಡ್ಡ ಬಾವಿ ತೋಡಿಸಿ, ಅದರ ತಳದಲ್ಲಿ ಬಂಡೆಗೆ ತೂತು ಕೊರೆಸಿ, ದೊಡ್ಡ ಪಂಪು ಕೂರಿಸಲು ಅರ್ಜಿ ಹಾಕಿದರು. ಊರಿನವರು ಬೇಡವೆಂದು ಹೆಬ್ಬೆಟ್ಟು ಒತ್ತಿ ತಕರಾರು ಕೊಟ್ಟರು. ವಿಚಾರಣೆ ಊರಿನ ಶಾಲೆಯ ಜಗಲಿಯಲ್ಲಿ ನಡೆಯಿತು. ಮೇಜಿನ ಹಿಂದೆ ನಮ್ಮ ಅಧಿಕಾರಿ, ಪಕ್ಕದಲ್ಲಿ ರಿಜಿಸ್ಟರು ಹಿಡಿದು ನಾನು. ಎದುರಿಗೆ ಊರು. ತೋಟದ ಯಜಮಾನರು ಒಂದು ಕುರ್ಚಿಯಲ್ಲಿ ತಣ್ಣಗೆ ಕೂತಿದ್ದರು.

ಅಧಿಕಾರಿ ತಿಂಗಳ ಅಂಕಿಗಳನ್ನು ಒಂದೊಂದಾಗಿ ಓದಿದರು. ಓದಿ ಮುಗಿಸಿ ಕನ್ನಡಕ ತೆಗೆದರು. "ಇಡೀ ಹೋಬಳಿಯಲ್ಲಿ ನಿಮ್ಮ ಬಾವಿಯೇ ಚೆನ್ನಾಗಿದೆ. ಕಡು ಬೇಸಿಗೆಯಲ್ಲೂ ಹೆಚ್ಚು ಇಳಿದಿಲ್ಲ."

ಜನರ ಮುಖ ಅರಳಿತು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. "ಮತ್ತೆ, ನಮ್ಮೂರು ಅಂದ್ರೆ ಏನ್ಕಂಡ್ರಿ," ಎಂದು ಹಿಂದಿನಿಂದ ಯಾರೋ ಅಂದರು, ಕೆಲವರು ನಕ್ಕರು. ಹೆಂಗಸರ ಗುಂಪಿನಲ್ಲಿ ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ನನ್ನ ಕಡೆ ನೋಡಿದಳು.

"ಹಾಗಾದ್ರೆ ಪಂಪಿಗೆ ಅಡ್ಡಿ ಇಲ್ಲ," ಎಂದು ಅಧಿಕಾರಿ ರಿಜಿಸ್ಟರು ಮುಚ್ಚಿದರು.

ಆಮೇಲೆ ನೀರುಗಂಟಿ ಎದ್ದು ನಿಂತ. "ಅಂಗಲ್ಲ ಸ್ವಾಮಿ. ಅದು ಇವ್ರು ಬರೋ ದಿನದ್ ನೀರು."

"ಅಂದ್ರೆ?"

"ಇವ್ರು ಬತ್ತಾರೆ ಅಂತ ಮುಂಚಿನ್ ದಿನ್ದಿಂದ ನಾವು ಬಾವಿ ಮುಟ್ತಿರ್ಲಿಲ್ಲ. ಕೆರೆಯಿಂದ ಒತ್ಕಂಡ್ ಬತ್ತಿದ್ವಿ."

"ಹಾಗಾದ್ರೆ ಇಷ್ಟು ದಿನ ಸರ್ಕಾರಕ್ಕೆ ಸುಳ್ಳು ತೋರಿಸಿದ್ರಾ?"

"ಸುಳ್ಳೆಂಗಾಯ್ತದೆ? ನೀರು ಬಾವೀದೇ. ನಾವೇನ್ ಮೇಲಿಂದ ಉಯ್ದಿದ್ವಾ?"

ತೋಟದ ಯಜಮಾನರು ಮೆಲ್ಲಗೆ ಹೇಳಿದರು: "ನಿಮ್ಮ ಬಾವಿಯ ಒಂದು ಹನಿಯನ್ನೂ ನಾನು ಮುಟ್ಟೋದಿಲ್ಲ ಯಜಮಾನ್ರೇ. ನನ್ನ ಬಾವಿ ನನ್ನ ಜಮೀನಿನಲ್ಲಿರುತ್ತೆ."

"ಭೂಮಿ ಒಳಗೂ ಬೇಲಿ ಆಕ್ಸಿದೀರಾ ಸ್ವಾಮಿ?" ಎಂದ ನೀರುಗಂಟಿ.

ಅಧಿಕಾರಿ ನನ್ನ ಕಡೆ ತಿರುಗಿದರು. "ನೀವು ಹೇಳಿ. ಇದರಲ್ಲಿ ಬರೆದಿರೋದೆಲ್ಲ ನೀವೇ ಅಳೆದು, ಕಣ್ಣಲ್ಲಿ ಕಂಡು ಬರೆದದ್ದು ತಾನೇ?"

ಇನ್ನೊಂದು ಅಂಕಿ ನನ್ನ ಅಂಗಿಯ ಜೇಬಿನಲ್ಲಿತ್ತು. ಆ ಪುಸ್ತಕವನ್ನು ತೆಗೆದು ಮೇಜಿನ ಮೇಲೆ ಇಡಬಹುದಿತ್ತು. ಆದರೆ ಅದು ನಿಗದಿಯಾದ ದಿನದ ಅಳತೆಯಲ್ಲ, ರಿಜಿಸ್ಟರಿನಲ್ಲಿ ಇಲ್ಲದ್ದು, ಕೇಳಿದ ಪ್ರಶ್ನೆಗೆ ಉತ್ತರವೂ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೆಲಸ ಖಾಯಂ ಆಗುವ ಮಾತು ಆಗ ನಡೆದಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕು.

"ಹೌದು ಸರ್," ಎಂದೆ.

ಅಷ್ಟಕ್ಕೇ ಮುಗಿಯಿತು. ಯಾರೂ ನನ್ನನ್ನು ಬಯ್ಯಲಿಲ್ಲ. ದೊಡ್ಡಮ್ಮ ಮನೆಗೆ ಕರೆದು ಎಂದಿನಂತೆ ಮಜ್ಜಿಗೆ ಕೊಟ್ಟಳು. "ನಿನ್ ತಪ್ಪೇನೈತೆ, ಕಂಡಿದ್ದು ಬರ್ದೆ," ಎಂದಳು. "ನಾವೇ ರಾಟೆ ಇಳಿಸ್ದೆ ಸುಮ್ನಿದ್ದಿದ್ರೆ ಆಯ್ತಿತ್ತು." ಬೈದಿದ್ದರೆ ಇಷ್ಟು ವರ್ಷ ಇದನ್ನು ಹೊತ್ತು ತಿರುಗುತ್ತಿರಲಿಲ್ಲವೇನೋ. ಆ ಮಜ್ಜಿಗೆಯನ್ನು ನಾನು ಕುಡಿದೆ ಎಂಬುದನ್ನೂ ಸೇರಿಸುತ್ತೇನೆ.

ಪಂಪು ಬಂತು. ಹಗಲೆಲ್ಲ ದಿಣ್ಣೆಯ ಮೇಲೆ ಅದರ ಸದ್ದು. ದ್ರಾಕ್ಷಿ ಚೆನ್ನಾಗಿ ಬಂತು. ಯಜಮಾನರು ಮೊದಲ ಕೊಯ್ಲಿನಲ್ಲಿ ಊರಿನ ಪ್ರತಿ ಮನೆಗೂ ಒಂದು ಬುಟ್ಟಿ ಕಳಿಸಿದರು. ಕಚೇರಿಗೂ ಕಳಿಸಿದರು. ನನ್ನ ರಿಜಿಸ್ಟರಿನಲ್ಲಿ ಅಂಕಿಗಳು ತಿಂಗಳಿಂದ ತಿಂಗಳಿಗೆ ಕೆಳಗೆ ಹೋದವು. ಈಗ ಊರಿನವರು ರಾಟೆ ಇಳಿಸಿದರೂ ಹೋದವು. ಅವನ್ನು ಕಚೇರಿಗೆ ತೋರಿಸಿದೆ. ಹೊಸ ಅರ್ಜಿಗೆ ಮಾತ್ರ ನಿಯಮ ಅನ್ವಯಿಸುತ್ತದೆ, ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯುವ ಕಲಂ ಇಲ್ಲ ಎಂದರು. ಅದೂ ನಿಜವೇ. ಜೇಬಿನ ಪುಸ್ತಕದ ಅಂಕಿಯನ್ನು ಆಗ ತೋರಿಸಿದೆ. ಅಧಿಕಾರಿ ನೋಡಿ, "ಇದನ್ನ ಅವತ್ತೇ ಹೇಳ್ಬೇಕಿತ್ತು," ಎಂದು ವಾಪಸು ಕೊಟ್ಟರು.

ನೀರುಗಂಟಿ ಕೆರೆಯ ತೂಬನ್ನು ನೀರು ಗುರುತಿನ ಕಲ್ಲಿಗೆ ಇಳಿಯುವ ಬಹಳ ಮೊದಲೇ ಮುಚ್ಚಿದ. ಅದರಿಂದ ಗದ್ದೆಯವರ ಜೊತೆ ಜಗಳವಾಯಿತೇ ಹೊರತು ಬಾವಿ ಏರಲಿಲ್ಲ. ದೊಡ್ಡಮ್ಮ ದಿನಕ್ಕೆ ಒಂದೇ ಹೊತ್ತು ರಾಟೆ ಏರಿಸತೊಡಗಿದಳು, ಆಮೇಲೆ ಮನೆಗೆ ಎರಡೇ ಬಿಂದಿಗೆ ಎಂದು ಗೊತ್ತುಮಾಡಿದಳು. ಮೊದಲು ಒಂದು ಎಮ್ಮೆ ಹೋಯಿತು. ಮುಂದಿನ ಬೇಸಿಗೆಗೆ ಇನ್ನೊಂದು. ಹಾಲು ನಿಂತ ಮೇಲೆ ಅವಳು ಪಕ್ಕದ ಮನೆಯವರು ಚಿಲುಮೆಯಿಂದ ತಂದುಕೊಡುವ ಒಂದು ಬಿಂದಿಗೆ ನೀರಿನಲ್ಲಿ ದಿನ ದೂಡುತ್ತಿದ್ದಳು. ಅದಕ್ಕೆ ಬದಲಾಗಿ ಅವರ ರಾಗಿ ಬೀಸಿಕೊಡುತ್ತಿದ್ದಳು.

ಆ ಬಾವಿಯ ಕೊನೆಯ ಅಳತೆಗೆ ಹೋದ ಸೋಮವಾರ ನನ್ನ ಚೀಲದಲ್ಲಿ ಕಚೇರಿಯ ಒಂದು ಆದೇಶವಿತ್ತು: ನೀರಿಲ್ಲದ ಬಾವಿಗಳನ್ನು ಪಟ್ಟಿಯಿಂದ ತೆಗೆದು, ಹತ್ತಿರದಲ್ಲಿ ನೀರಿರುವ ಬಾವಿಯೊಂದನ್ನು ಸೇರಿಸಿಕೊಳ್ಳತಕ್ಕದ್ದು. ಹತ್ತಿರದಲ್ಲಿ ನೀರಿದ್ದ ಬಾವಿ ದಿಣ್ಣೆಯ ಮೇಲಿನದು.

ಕಟ್ಟೆ ಗುಡಿಸಿತ್ತು. ಎರಡು ಕಂಬಗಳ ನಡುವೆ ರಾಟೆ ಇರಲಿಲ್ಲ. ಸೇದಲು ಯಾರೂ ಬಾರದೆ ತಿಂಗಳಾಗಿತ್ತು, ಆದರೂ ದೊಡ್ಡಮ್ಮ ಹಿಂದಿನ ದಿನ ಅದನ್ನು ಬಿಚ್ಚಿ ಒಳಗಿಟ್ಟಿದ್ದಳು. ಕೆಂಪು ಗೀಟಿನಿಂದ ಟೇಪು ಇಳಿಸಿದೆ. ಅದು ತಳದ ಕಲ್ಲಿಗೆ ತಾಗಿ ಮಡಚಿಕೊಂಡಿತು. ಮೇಲೆ ಎಳೆದಾಗ ಸೀಮೆಸುಣ್ಣ ಬಳಿದದ್ದು ಬಳಿದ ಹಾಗೇ ಬೆಳ್ಳಗಿತ್ತು.

ದೊಡ್ಡಮ್ಮ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. "ಎಷ್ಟು ಬಂತು?"

ನಾನು ಟೇಪು ತೋರಿಸಿದೆ.

ಅವಳು ಅದನ್ನು ನೋಡಿದಳು, ಬಾವಿಯ ಕಡೆ ನೋಡಿದಳು. "ಇನ್ನೊಂದೆರಡ್ ದಿನ ಬಿಟ್ಟು ಬಾ," ಎಂದಳು. "ಯಾರೂ ಮುಟ್ಟಲ್ಲ."

ಬರುತ್ತೇನೆ ಎಂದೆ. ರಿಜಿಸ್ಟರಿನಲ್ಲಿ ಆ ಬಾವಿಯ ಸಾಲಿಗೆ ಅಡ್ಡಗೀಟು ಎಳೆದು, ಟೇಪು ಸುತ್ತಿಕೊಂಡು, ದಿಣ್ಣೆಯ ಕಡೆಗೆ ಸೈಕಲ್ಲು ತಳ್ಳಿದೆ.