9973 ಮತ್ತು ಹದಿಮೂರು ವಡೆ

ಮೊನ್ನೆ ಸಂಭಾಜಿನಗರದ ಕಾರು ಶೋರೂಮಿನಲ್ಲಿ ಹೊಸ ಸೀಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಹಸಿವಾಯಿತು. ಕಾರಿಗೂ ಹಸಿವಿಗೂ ಏನು ಸಂಬಂಧ ಎನ್ನುತ್ತೀರಾ? ನಡುವೆ ಒಂದು ತಟ್ಟೆ ಉದ್ದಿನವಡೆ ಇದೆ, ಕೇಳಿ.

ಹಲವು ವರ್ಷಗಳ ಹಿಂದಿನ ಮಾತು. ನಮ್ಮದು ನಾಸಿಕದ ಪಂಚವಟಿಯಲ್ಲಿ ಹೋಟೆಲು, ನಾವು ಉಡುಪಿ ಕಡೆಯವರು. ನಾನು ಮೆಚ್ಚಿದ ಹುಡುಗ ಸಂಭಾಜಿನಗರದವನು, ಮನೆಯವರು ಕಲಬುರಗಿ ಮೂಲದವರು. ಅವನ ತಾಯಿ ಒಪ್ಪಿದರಷ್ಟೇ ಮದುವೆ. ಅವರೆಲ್ಲ ನನ್ನನ್ನು ನೋಡಲು ಹೊಸ ಕಾರಿನಲ್ಲಿ ಹೊರಟ ದಿನವೇ ದಾರಿಯಲ್ಲಿ ಯೇವಲಾ ಹತ್ತಿರ ಟೈರು ಪಂಕ್ಚರ್! ಹುಡುಗನ ತಾಯಿ ನಮ್ಮ ಮನೆಯೊಳಗೆ ಬಂದವರೇ ಗುಡುಗಿದರು: “ಗಾಡಿ ನಂಬರ್ರೇ ಖರಾಬ್ ಅದರಿ. 9973! ಅಂಕಿ ಕೂಡಿಸಿದ್ರ ಶುಭದ ಒಂಬತ್ತು ಬರಂಗಿಲ್ಲ. ಅಪಶಕುನ. ಈ ಸಂಬಂಧ ಬ್ಯಾಡ ಅನಸ್ತದ.”

ನಾನು ತಲೆ ತಗ್ಗಿಸಿ ಕೂರಬೇಕಿತ್ತು. ಆದರೆ ಗಣಿತ ಓದಿದವಳ ಬಾಯಿ ಸುಮ್ಮನಿರಬೇಕಲ್ಲ!

“ಅಮ್ಮಾ, ನಾಲ್ಕಂಕಿಯ ಅವಿಭಾಜ್ಯ ಸಂಖ್ಯೆಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಒಂದು ಮತ್ತು ತಾನು, ಅಷ್ಟೇ. ಬೇರೆ ಯಾವುದರಿಂದಲೂ ಇದನ್ನು ಸಮನಾಗಿ ಒಡೆಯಲಿಕ್ಕೆ ಆಗುದಿಲ್ಲ!”

ಅಪ್ಪ ಕಣ್ಣು ಕೆಕ್ಕರಿಸಿದರು. ಹುಡುಗ ಫ್ಯಾನು ನೋಡತೊಡಗಿದ.

“ಒಡೀಲಾರದ್ದು ಏನದವ್ವಾ ಜಗತ್ತಿನಾಗ?” ಎಂದರು ಆಕೆ.

ಎದುರಿನ ತಟ್ಟೆಯಲ್ಲಿ ಹದಿಮೂರು ವಡೆ ಇದ್ದವು. “ಹದಿಮೂರು ಅದರ ತಮ್ಮನೇ. ಸಮ ಸಾಲು ಮಾಡಿ ನೋಡಿ” ಎಂದೆ. ಆಕೆ ಸೆರಗು ಸಿಕ್ಕಿಸಿ ಕೂತೇಬಿಟ್ಟರು. ಎರಡರ ಸಾಲು, ಮೂರರ ಸಾಲು, ನಾಲ್ಕರ ಸಾಲು. ಪ್ರತಿ ಸಲವೂ ಒಂದು ವಡೆ ಮಿಕ್ಕಿತು. ಟೇಬಲ್ಲೆಲ್ಲ ಎಣ್ಣೆ. ಕಾಫಿ ಆರಿ ತಣ್ಣಗಾಯಿತು, ಯಾರೂ ಮುಟ್ಟಲಿಲ್ಲ. ನನಗೆ ನಗು ಒತ್ತಿ ಬರುತ್ತಿತ್ತು, ಅಳುವೂ.

ಕಡೆಗೆ ಆಕೆ ಮಿಕ್ಕ ವಡೆಯನ್ನು ಎತ್ತಿ ಬಾಯಿಗೆ ಹಾಕಿಕೊಂಡರು! ಉಳಿದದ್ದನ್ನು ಎಲ್ಲರಿಗೂ ಎರಡೆರಡು ಹಂಚಿ, ಬಾಯಿ ಒರೆಸಿಕೊಂಡು, “ಆತಿಲ್ಲೋ? ಒಬ್ಬರು ತಿಂದ್ರ ಎಲ್ಲಾ ಸರಿಹೋಗ್ತದ. ಹುಡುಗಿ ಶಾಣ್ಯಾ ಅದಾಳ. ನಮಗ ಒಪ್ಪಿಗಿ ಅದರಿ” ಎಂದರು. ನಾನು ಹಿತ್ತಿಲಿಗೆ ಓಡಿಹೋಗಿ ಒಬ್ಬಳೇ ಕುಣಿದೆ.

ಆ ಕಾರು ಈಗ ಮುದಿಯಾಗಿದೆ, ಅದಕ್ಕೇ ಈ ಶೋರೂಮು. ಅತ್ತೆಯನ್ನು ಖುಷಿಪಡಿಸಲು ನಾನು ಮೊದಲೇ ನಂಬರು ವಿಚಾರಿಸಿಟ್ಟಿದ್ದೆ. “ಅತ್ತೀ, 9999 ಸಿಗ್ತದಂತೆ. ಕೂಡಿಸಿದರೆ ಮೂವತ್ತಾರು, ಮತ್ತೆ ಕೂಡಿಸಿದರೆ ಒಂಬತ್ತೇ!”

ಅತ್ತೆ ಕನ್ನಡಕ ಏರಿಸಿ, ಬೆರಳು ಮಡಚಿ ಏನೋ ಲೆಕ್ಕ ಹಾಕಿದರು.

“ಥೂ, ಬ್ಯಾಡ. ಅದು ಮೂರಕ್ಕೇ ಒಡೀತದ. ನಮ್ಮ ಮನಿಗೆ ಒಡೀಲಾರದ ನಂಬರೇ ಬೇಕು” ಎಂದು ನನ್ನ ಕೈ ಹಿಡಿದುಕೊಂಡರು.