ಭಾಗಮ್ಮನ ಹಿತ್ತಲಿಗೆ ಬಂದ ಅವಸರ

ಕಳಸದಿಂದ ಜೀಪಿನಲ್ಲಿ ಗುಡ್ಡ ಹತ್ತಿದರೆ ಸಿಗುವ ಕಾಫಿ ಎಸ್ಟೇಟಿನ ಕೂಲಿ ಲೈನಿನ ಸಾಲುಮನೆಗಳ ಜನ ಭಾಗಮ್ಮನನ್ನು ಕೇಳದೆ ಹೊಸಬರಿಗೆ ಮಾತು ಕೊಡುತ್ತಿರಲಿಲ್ಲ. ಲೆಕ್ಕ ಬರೆಯುವ ರೈಟರ್ ಕಾಫಿ ಹಣ್ಣು ತೂಗುವಾಗ ತಕ್ಕಡಿಯ ಮುಳ್ಳನ್ನೇ ನೋಡುತ್ತ ನಿಲ್ಲುವ ಹೆಂಗಸು ಆಕೆ. ಯಾರಾದರೂ ನಗುತ್ತ ಬಂದರೆ ಮೊದಲು ಅವರ ಕೈಯಲ್ಲೇನಿದೆ ಎಂದು ನೋಡುತ್ತಿದ್ದಳು.

ಆ ಗುಣ ಹುಟ್ಟಿನಿಂದ ಬಂದದ್ದಲ್ಲ. ಪ್ರಾಯದಲ್ಲಿ ಆಕೆ ಕುದುರೆಮುಖದ ಗಣಿ ಕಾಲೊನಿಯ ಮನೆಗಳಲ್ಲಿ ಕಸಮುಸುರೆ ಮಾಡಿದವಳು. ನಡುಗಾಡಿನಲ್ಲಿ ನಲ್ಲಿ ತಿರುಗಿಸಿದರೆ ನೀರು, ಗುಂಡಿ ಒತ್ತಿದರೆ ದೀಪ. ಇನ್ನು ತಮ್ಮ ಬದುಕೂ ಹೀಗೇ ಏರುತ್ತದೆ ಎಂದುಕೊಂಡಿದ್ದಳು. ಗಣಿ ನಿಂತಿತು. ಕೆಲಸ ಕೊಟ್ಟ ಮನೆಗಳಿಗೆ ಒಂದೊಂದಾಗಿ ಬೀಗ ಬಿತ್ತು. ಗಂಡ ಗುರುವಯ್ಯನ ಜೊತೆ ಕಾಫಿ ಕೊಯ್ಲಿಗೆ ಮರಳಿದ ಮೇಲೆ, ಬೇಗ ಬಂದದ್ದು ಯಾವುದನ್ನೂ ಆಕೆ ನಂಬಲಿಲ್ಲ.

ಕಳೆದ ಬೇಸಿಗೆಯಲ್ಲಿ ನಾಗಶ್ರೀ ಎಂಬ ಅಧಿಕಾರಿ ಬಂದರು. ಹಿಂದುಳಿದ ಊರುಗಳನ್ನು ದಾಪುಗಾಲಿನಲ್ಲಿ ಮುಂದೆ ತರುವ ಯೋಜನೆಯಂತೆ. ಮಳೆ ಹಿಡಿಯುವುದರೊಳಗೆ ನೀರು, ರಸ್ತೆ, ಅಂಗನವಾಡಿ ಎಲ್ಲ ಆಗಬೇಕಂತೆ. ಹೊಳೆಯಿಂದ ನೀರೆತ್ತುವ ಪೈಪು ಭಾಗಮ್ಮನ ಹೆಸರಿಗೆ ಹಕ್ಕುಪತ್ರವಿದ್ದ ಹಿತ್ತಲಿನಲ್ಲೇ ಹಾಯಬೇಕಿತ್ತು. ಆಚೆ ಬದಿ ಬರೀ ಬಂಡೆ.

“ಎಂತಕ್ಕೆ ಮೇಡಂ ಇಷ್ಟು ಗಡಿಬಿಡಿ? ಇಷ್ಟು ವರ್ಷ ನಮ್ಮ ನೆನಪೇ ಆಗ್ಲಿಲ್ಲ” ಎಂದಳು ಭಾಗಮ್ಮ.

“ಒಂದೊಂದೇ ಮಾಡ್ತಾ ಕೂತ್ರೆ, ಎರಡನೇದು ಶುರುವಾಗೋ ಹೊತ್ತಿಗೆ ಮೊದಲನೇದು ಹಾಳಾಗಿರುತ್ತೆ ಭಾಗಮ್ಮನವ್ರೆ. ಎಲ್ಲ ಒಟ್ಟಿಗೆ ಬಂದ್ರೇನೇ ಊರು ಏಳೋದು. ಇವತ್ತೇ ಹೂಂ ಅನ್ನಿ.”

ಆ ‘ಇವತ್ತೇ’ ಭಾಗಮ್ಮನಿಗೆ ಹಿಡಿಸಲಿಲ್ಲ.

ಕಳಸದ ಪೇಟೆಯಲ್ಲಿ ಮೆಣಸಿನ ವ್ಯಾಪಾರಿ ರೇಣುಕಪ್ರಸಾದ್ ದನಿ ತಗ್ಗಿಸಿ ಹೇಳಿದರು: “ಮೇಲೆ ಯಾವುದೋ ರೆಸಾರ್ಟ್ ಬರ್ತದಂತೆ. ನೀರು ಅವರಿಗೆ. ನಿಮ್ಮ ಹೆಸರು ನೆಪಕ್ಕೆ.”

ಹೌದೆನ್ನಿಸಿತು. ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಇನ್ನೊಂದು ಯೋಚನೆ ಹೊಕ್ಕಿತು. ಬೇಸಿಗೆಯಲ್ಲಿ ಲೈನಿಗೆ ನೀರು ಮಾರುವ ಟ್ಯಾಂಕರ್ ಇವರ ಭಾವನದ್ದಲ್ಲವೇ? ಹಾಗಾದರೆ ಇವರ ಮಾತನ್ನಾದರೂ ನಂಬುವುದು ಹೇಗೆ? ಆಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

“ನಿನ್ನ ಅನುಮಾನ ಕುಡ್ದು ಬದುಕೋಕಾಗ್ತದಾ ಮಾರಾಯ್ತಿ?” ಎಂದು ಗುರುವಯ್ಯ ರೇಗಿದ.

ಪೈಪು ಹೂಳಲು ಕಾಲುವೆ ತೋಡುತ್ತ ಬಂದವರು ಆಕೆಯ ಬೇಲಿಯ ಹತ್ತಿರ ನಿಂತರು. ನಾಗಶ್ರೀ ಮತ್ತೆ ಮತ್ತೆ ಬಂದು ಕೇಳಿ ಹೋದರು. ಅಷ್ಟರಲ್ಲಿ ಮಳೆ ಹಿಡಿಯಿತು, ಅವರಿಗೆ ವರ್ಗವೂ ಆಯಿತು. ಹೊಸ ಅಧಿಕಾರಿ ಅಳತೆಯೇ ಮೊದಲಿನಿಂದ ಆಗಲಿ ಎಂದರು. ತೋಡಿದ ಕಾಲುವೆಯಲ್ಲಿ ಕೆಸರು ತುಂಬಿತು. ಒರತೆಯ ಬಳಿ ಸಿಕ್ಕಿದರೆ ಪಕ್ಕದ ಮನೆಯ ತುಂಗಮ್ಮ ಮುಖ ತಿರುಗಿಸಿಕೊಂಡಳು. ಅದು ಭಾಗಮ್ಮನಿಗೆ ತಡೆಯಲಾಗಲಿಲ್ಲ.

ಚಿಕ್ಕಮಗಳೂರಿನ ಬಸ್ಸು ಹತ್ತಿ, ವಿಚಾರಿಸುತ್ತ ನಾಗಶ್ರೀಯವರ ಹೊಸ ಕಚೇರಿಗೆ ಹೋದಳು. ನಿಂತಲ್ಲೇ ಕೇಳಿದಳು: “ನೀರು ರೆಸಾರ್ಟಿಗಾ ಮೇಡಂ?”

“ಯಾವ ರೆಸಾರ್ಟು? ವರ್ಗ ಆಗುತ್ತೆ ಅಂತ ನಂಗೆ ಗೊತ್ತಿತ್ತು. ನಾನು ಹೋದ್ಮೇಲೆ ಯಾರೂ ಮುಗಿಸಲ್ಲ ಅಂತ ಓಡ್ತಿದ್ದೆ.”

“ಅವತ್ತೇ ಹೇಳ್ಬೋದಿತ್ತಲ್ಲ?”

“ಹೇಳಿದ್ರೆ ನಂಬ್ತಿದ್ರಾ?”

ಭಾಗಮ್ಮ ಸೆರಗು ಸರಿಮಾಡಿಕೊಂಡಳು. “ಇಲ್ಲ” ಎಂದಳು.

ಊರಿಗೆ ಮರಳಿದವಳು ಹೊಸ ಅಧಿಕಾರಿಯ ಬಳಿ ತಾನೇ ಹೋಗಿ ಹಿತ್ತಲು ಬಿಟ್ಟುಕೊಡುತ್ತೇನೆಂದಳು. ಈಗ ಕೆಲಸ ಕುಂಟುತ್ತ ಸಾಗಿದೆ. ನಾಗಶ್ರೀ ಹೇಳಿದ್ದು ನಿಜವೇ ಇರಬೇಕು ಎಂದು ಆಕೆ ಗಂಡನ ಮುಂದೆ ಒಪ್ಪುತ್ತಾಳೆ. ಆದರೂ ಕಾಲುವೆಯ ಬದಿಯಲ್ಲಿ ನಿಂತು, “ಇದರ ಆಚೆ ತುದಿ ಎಲ್ಲಿಗೆ ಹೋಗ್ತದೆ?” ಎಂದು ತೋಡುವವರನ್ನು ಕೇಳುವುದು ತಪ್ಪಿಲ್ಲ. ಅವರು ಕೈ ತೋರಿಸಿದ ಕಡೆಗೆ ತಾನೇ ಹತ್ತಿ ಹೋಗಿ ನೋಡಿ ಬರುತ್ತಾಳೆ.