ಜೋಳಕ್ಕೆ ಜೋಳ, ಇಟ್ಟಂಗಿಗೆ ರೊಕ್ಕ

ನಾನು ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸ್. ರಜೆಗೆ ಬಂದಾಗಲೆಲ್ಲ ರಾಯಬಾಗದಲ್ಲಿ ಅವ್ವನ ಮನೆಯ ಹತ್ತಿರ ಕೊಂಡಿಟ್ಟ ಖಾಲಿ ಜಾಗದಲ್ಲಿ ನಿಂತು, ಇನ್ನು ಬಂದರೆ ಇಲ್ಲೇ ಇದ್ದುಬಿಡಬೇಕು ಅಂದುಕೊಳ್ಳುತ್ತೇನೆ. ಸಿಮೆಂಟು, ಕಬ್ಬಿಣ, ಗೌಂಡಿಯ ಪಗಾರ ಎಲ್ಲವೂ ಅಷ್ಟರಲ್ಲಿ ನನ್ನ ಉಳಿತಾಯವನ್ನು ಹಿಂದೆ ಹಾಕಿರುತ್ತವೆ. ಬರುವ ವರ್ಷ ನನ್ನ ಕರಾರು ಮುಗಿಯುತ್ತದೆ. ಅಲ್ಲಿಯವರೆಗೆ ಕೂಡಿಟ್ಟ ದುಡ್ಡು ಬೆಲೆಯ ಜೊತೆಗೇ ಏರಿದರೆ ವಾಪಸು ಬಂದು ಮನೆ ಕಟ್ಟುತ್ತೇನೆ, ಇಲ್ಲದಿದ್ದರೆ ಮತ್ತೆ ಸಹಿ. ಈ ರಜೆ ಮುಗಿಯುವುದರೊಳಗೆ ಉತ್ತರ ಬೇಕೆಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು.

ಹಾಗಾಗಿ ಬೆಲೆ ಏರಿದಂತೆ ಇಟ್ಟ ದುಡ್ಡೂ ಏರುವ ಸರ್ಕಾರಿ ಬಾಂಡ್ ಹುಡುಕುತ್ತ ಹೊರಟೆ. ಚಿಕ್ಕೋಡಿಯ ಬ್ಯಾಂಕಿನವರು ನಿಪ್ಪಾಣಿಗೆ ಹೋಗಿ ಅಂದರು. ನಿಪ್ಪಾಣಿಯ ಬ್ಯಾಂಕಿನಲ್ಲಿ ಮೊದಲು ವಿಮೆ ತೋರಿಸಿದರು, ಆಮೇಲೆ ಠೇವಣಿ. ನಾನು ಪಟ್ಟು ಬಿಡದಿದ್ದಾಗ ಮ್ಯಾನೇಜರು ಕನ್ನಡಕ ತೆಗೆದರು.

"ಅಂಥಾವು ಒಮ್ಮೆ ಬಂದಿದ್ದೂವ್ರಿ ಮೇಡಂ. ಆದ್ರ ಇಲ್ಲೇ ಇರೋರಿಗಷ್ಟ ಕೊಟ್ರು, ಹೊರದೇಶದಾಗ ಇರೋರಿಗೆ ಇಲ್ಲ. ಈಗಂತೂ ಹೊಸಾವು ಯಾರಿಗೂ ಸಿಗವಲ್ಲವು."

"ಇಲ್ಲಿಗೆ ವಾಪಸ್ ಬರಾಕ ನನಗ ಅದು ಬೇಕ್ರಿ!"

"ಠೇವಣಿ ಇಡ್ರಿ. ನಿಮ್ಮ ರೊಕ್ಕ ಒಂದ ಪೈಸಾನೂ ಎಲ್ಲೂ ಹೋಗಂಗಿಲ್ಲ."

"ರೊಕ್ಕ ಹೋಗಂಗಿಲ್ಲ ಖರೆ, ಅದರ ಕಿಮ್ಮತ್ತು ಹೋಗತೈತಲ್ರಿ!" ಎಂದು ಎದ್ದು ಬಂದೆ.

 ಸರ್ಕಾರದ ಬೇರೆ ಬಾಂಡುಗಳನ್ನು ನಾನೂ ಫೋನಿನಲ್ಲಿ ಜಾಲಾಡಿದ್ದೆ. ನಮ್ಮಂಥವರಿಗೆ ಕೊಡುವಂಥವೇನೋ ಇದ್ದವು, ಬಡ್ಡಿ ಮಾತ್ರ ಕೊಂಡ ದಿನ ಎಷ್ಟೋ ಕೊನೆಯವರೆಗೂ ಅಷ್ಟೇ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು ಇಡೀ ದಾರಿ ಸರ್ಕಾರವನ್ನು ಬೈದೆ.

ಮನೆಗೆ ಬಂದರೆ ಪಕ್ಕದ ಮನೆಯಾಕೆ ಕೈಗಡ ಒಯ್ದಿದ್ದ ಜೋಳ ತಿರುಗಿಸಲು ಬಂದಿದ್ದಳು. ಅವ್ವ ಕೊಡುವಾಗ ಅಳೆದಿದ್ದ ಸೇರಿನಲ್ಲೇ ಅಳೆದು, ಅಂಗೈಯಿಂದ ಮಟ್ಟ ಮಾಡಿ ಡಬ್ಬಿಗೆ ಸುರಿಯುತ್ತಿದ್ದಳು. ಜೋಳದ ರೇಟು ಮಧ್ಯೆ ಎಷ್ಟು ಏರಿತ್ತೋ ಇಬ್ಬರೂ ಕೇಳಲಿಲ್ಲ. ನನಗೆ ಬೇಕಾಗಿದ್ದೂ ಇಷ್ಟೇ ಅಲ್ಲವೇ ಎಂದು ಹೊಟ್ಟೆಕಿಚ್ಚಾಯಿತು.

ಹೋದ ರಜೆಯಲ್ಲಿ ನಾನೂ ಒಂದು ಜಾಣತನ ಮಾಡಿದ್ದೆ, ರೇಟು ಏರುವ ಮೊದಲೇ ಮನೆಗೆ ಬೇಕಾದಷ್ಟು ಇಟ್ಟಂಗಿ ತರಿಸಿ ಜಾಗದಲ್ಲಿ ಒಟ್ಟಿಸಿದ್ದೆ. ಅದನ್ನಾದರೂ ನೋಡಿ ಸಮಾಧಾನ ಮಾಡಿಕೊಳ್ಳೋಣವೆಂದು ಸಂಜೆ ಹೋದೆ. ಆಳೆತ್ತರವಿದ್ದ ಒಟ್ಟಲು ನನ್ನ ಮೊಣಕಾಲಿಗೆ ಇಳಿದಿತ್ತು. ಓಡಿ ಬಂದು ಅವ್ವನನ್ನು ಕೇಳಿದೆ.

"ಇವರಽ ಒಯ್ದಾರ, ದನದ ಮನಿ ಕಟ್ಟಾಕ" ಎಂದು ಅವ್ವ ಪಕ್ಕದ ಮನೆಯತ್ತ ಕೈ ತೋರಿಸಿದಳು. "ಸುಮ್ನ ಬಿದ್ದಿದ್ದೂವಲ್ಲ ಅಂತ ಕೊಟ್ಟೆ. ರೊಕ್ಕ ಕೊಟ್ಟಾರ, ನೀ ತಂದ ರೇಟಿಗೇ."

"ಜೋಳಕ್ಕ ಜೋಳ ಇಸ್ಕೋತಿ, ಇಟ್ಟಂಗಿಗೆ ಇಟ್ಟಂಗಿ ಯಾಕ ಇಸ್ಕೊಳ್ಳಿಲ್ಲ ಬೇ?" ಎಂದು ಚೀರಿದೆ.

ಅವ್ವನಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ. ಒಳಗೆ ಹೋಗಿ, ಜೋಳದ ಡಬ್ಬಿಯ ತಳದಿಂದ ಬಟ್ಟೆಯ ಗಂಟು ತೆಗೆದು ನನ್ನ ಕೈಗಿಟ್ಟಳು. ಈಗಿನ ರೇಟಿನಲ್ಲಿ ಆ ದುಡ್ಡಿಗೆ ಹೋದ ಇಟ್ಟಂಗಿಯ ಮುಕ್ಕಾಲು ಪಾಲೂ ಬರುತ್ತಿರಲಿಲ್ಲ.

"ನೋಡವಾ," ಅಂದಳು, ಮುಖದ ತುಂಬ ಹೆಮ್ಮೆ, "ನಿನ್ನ ರೊಕ್ಕ ಒಂದ ಪೈಸಾನೂ ಎಲ್ಲೂ ಹೋಗಿಲ್ಲ."

ಮ್ಯಾನೇಜರಿಗೆ ಕೊಟ್ಟ ಉತ್ತರವನ್ನು ಅವ್ವನಿಗೆ ಕೊಡಲು ನನ್ನಿಂದಾಗಲಿಲ್ಲ. ಫೋನು ತೆಗೆದು, ಕರಾರು ಮುಂದುವರಿಸುತ್ತೇನೆ ಎಂದು ಆಸ್ಪತ್ರೆಗೆ ಬರೆದೆ.